ದೊಡ್ಡಪ್ಪನ ಗೆಜ್ಜೆ ಕೋಲು

ನಮ್ಮ ಟೀಮಿನ ಹುಡುಗನೊಬ್ಬ ಅಮೆರಿಕಕ್ಕೆ ಹೋದವನು ಅಲ್ಲಿನ ಅಪಲಾಚಿಯನ್ ಟ್ರೇಲ್‌ನಲ್ಲಿ ಒಂದು ವಾರ ನಡೆದು ಬಂದಿದ್ದ. ಜಾರ್ಜಿಯಾದಿಂದ ಮೇನ್ ತನಕ ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ ಅದು. ಊಟದ ಹೊತ್ತಲ್ಲಿ ಎಲ್ಲರಿಗೂ ಫೋಟೊ ತೋರಿಸ್ತಾ ಕೂತ. ರಾತ್ರಿ ತಿಂಡಿ ಚೀಲವನ್ನು ಮರದ ಕೊಂಬೆಗೆ ನೇತು ಹಾಕಬೇಕಂತೆ. ಕರಡಿಗೆ ತೆರೆಯೋಕಾಗದ ಗಟ್ಟಿ ಡಬ್ಬಿ ಇರುತ್ತಂತೆ. ಸೊಂಟಕ್ಕೆ ಮೆಣಸಿನ ಖಾರದ ಸ್ಪ್ರೇ ಸಿಕ್ಕಿಸಿಕೊಂಡೇ ನಡೆಯಬೇಕಂತೆ. "ಕರಡಿ ಸೀಮೆ ಕಣ್ರೋ ಅದು, ತಮಾಷೆ ಅಲ್ಲ" ಅಂದ.

"ನಮ್ಮೂರಲ್ಲೂ ಕರಡಿ ಇದೆ" ಅಂದೆ ನಾನು.

ಯಾರೂ ನಂಬಲಿಲ್ಲ. ಬೆಂಗಳೂರಿನವರಿಗೆ ರಾಮನಗರ ಅಂದ್ರೆ 'ಶೋಲೆ' ಬಂಡೆ, ರೇಷ್ಮೆಗೂಡಿನ ಮಾರುಕಟ್ಟೆ. ಚನ್ನಪಟ್ಟಣ ಅಂದ್ರೆ ಬೊಂಬೆ. ಮಾಗಡಿ ಅಂದ್ರೆ ಕೆಂಪೇಗೌಡರು. ಕನಕಪುರ ಅಂದ್ರೆ ರಾಜಕೀಯ. ವಾರಾಂತ್ಯಕ್ಕೆ ಹತ್ತಿ ಸೆಲ್ಫಿ ತಗೊಳ್ಳೋ ಆ ಬಂಡೆಗಳ ಸಂದಿಯಲ್ಲಿ, ಗುಹೆಗಳಲ್ಲಿ ಕರಡಿ ಮರಿ ಹಾಕುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಸಾವನದುರ್ಗದ ಸುತ್ತ ಇದೆ. ಹಂದಿಗುಂದಿ ಕಾಡಲ್ಲಿದೆ. ಕನಕಪುರ ದಾಟಿ ಕಾವೇರಿ ಕಡೆ ಇಳಿದರಂತೂ ಕಾಡೆಲ್ಲ ಅದರದ್ದೇ.

"ಹಂಗಾದ್ರೆ ನೀನು ನಡೆದಿದೀಯಾ ಅಲ್ಲಿ?" ಅಂತ ಅವನು ಕೇಳಿದ.

ನಾನು ನಡೆದಿರಲಿಲ್ಲ. ಆದರೆ ಪ್ರತಿವರ್ಷ ತಪ್ಪದೆ ನಡೆಯೋ ಒಬ್ಬರು ನನ್ನ ಮನೆಯಲ್ಲೇ ಇದ್ದರು. ಅವರ ಬಗ್ಗೆ ಆ ಟೇಬಲ್‌ನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನೋದೇ ಈ ಬರಹ.

*

ನಮ್ಮೂರು ರಾಮನಗರದಿಂದ ಕನಕಪುರಕ್ಕೆ ಹೋಗೋ ದಾರಿಯಲ್ಲಿ ಸ್ವಲ್ಪ ಒಳಗೆ ಇದೆ. ಒಂದು ಕಡೆ ಹಿಪ್ಪುನೇರಳೆ ತೋಟ, ಇನ್ನೊಂದು ಕಡೆ ಮಾವು, ಅದರಾಚೆ ಗುಡ್ಡ. ನಮ್ಮದು ಕೂಡು ಕುಟುಂಬ. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಮನೆಗೆ ಯಜಮಾನರು.

1998ರ ಫೆಬ್ರವರಿ. ನನಗಾಗ ನಾಲ್ಕು ವರ್ಷ. ಬೋರ್‌ವೆಲ್ ಓಡಿಸೋಕೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಬರ್ತಿದ್ದ ಕಾಲ. ರೈತ ಅಂದ್ಮೇಲೆ ಕರೆಂಟ್ ಬಂದಾಗ ಏಳಬೇಕು. ಬೆಳಗಿನ ಜಾವ ದೊಡ್ಡಪ್ಪ ತಲೆಗೆ ಟವೆಲ್ ಸುತ್ತಿಕೊಂಡು, ಬ್ಯಾಟರಿ ಹಿಡ್ಕೊಂಡು ತೋಟಕ್ಕೆ ನೀರು ಕಟ್ಟೋಕೆ ಹೋದರು. ಬದುವಿನ ತಿರುವಲ್ಲಿ ಒಂದು ಹುತ್ತ. ಅದರ ಹಿಂದೆ ಮರಿ ಕರಕೊಂಡು ಬಂದಿದ್ದ ತಾಯಿ ಕರಡಿ. ಇಬ್ಬರ ನಡುವೆ ನಾಲ್ಕೇ ನಾಲ್ಕು ಹೆಜ್ಜೆ. ಬ್ಯಾಟರಿ ಬೆಳಕು ಅದರ ಮುಖಕ್ಕೆ ಬಿತ್ತು ಅಷ್ಟೇ.

ಎಡಗಣ್ಣು ಹೋಯಿತು. ಕೆನ್ನೆ, ಮೂಗಿನ ಒಂದು ಭಾಗ, ಮೇಲ್ತುಟಿ ಎಲ್ಲ ಹರಿದುಹೋಗಿತ್ತು. ತಲೆಗೆ ಸುತ್ತಿದ್ದ ಟವೆಲ್ ಇಲ್ಲದಿದ್ದರೆ ನೆತ್ತಿಯೂ ಹೋಗ್ತಿತ್ತು ಅಂತ ಡಾಕ್ಟರ್ ಹೇಳಿದ್ದರಂತೆ. ಟ್ರ್ಯಾಕ್ಟರ್‌ನಲ್ಲಿ ಕನಕಪುರ, ಅಲ್ಲಿಂದ ಬೆಂಗಳೂರು. ಮೂರು ತಿಂಗಳಾದ ಮೇಲೆ ಮನೆಗೆ ಬಂದವರನ್ನು ನೋಡಿ ನಾನು ಕಿರುಚಿಕೊಂಡು ಅಡುಗೆಮನೆಗೆ ಓಡಿದ್ದೆ ಅಂತ ಅಮ್ಮ ಈಗಲೂ ಹೇಳ್ತಾರೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಊರಿಗೆ ಕರಡಿ ಆಡಿಸೋರು ಬಂದಿದ್ದರು. ಆಗೆಲ್ಲ ಬರ್ತಿದ್ದರು. ಮಕ್ಕಳನ್ನು ಕರಡಿ ಬೆನ್ನ ಮೇಲೆ ಕೂರಿಸಿದರೆ ಭಯ ಹೋಗುತ್ತೆ ಅಂತ ನಂಬಿಕೆ, ಕರಡಿ ಕೂದಲಿನ ತಾಯತಕ್ಕೆ ದುಡ್ಡು. ಊರೋರೆಲ್ಲ ದೊಡ್ಡಪ್ಪನ ಮುಖ ನೋಡಿದರು, ಬೈದು ಓಡಿಸ್ತಾರೆ ಅಂತ. ಅವರು ಹತ್ತಿರ ಹೋಗಿ, ಕರಡಿ ಮೂಗಲ್ಲಿ ತೂತು ಮಾಡಿ ಹಾಕಿದ್ದ ಹಗ್ಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಇದುಕ್ಕಿಂತ ನನ್ ಮೂತಿನೇ ವಾಸಿ ಬುಡ್ರಪ್ಪ" ಅಂದು ಒಳಗೆ ಹೋದರು. ಹೀಗೆ ಕುಣಿಸುತ್ತಿದ್ದ ಕರಡಿಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಯದನ್ನು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದರು ಅಂತ ಪೇಪರ್‌ನಲ್ಲಿ ಓದಿದಾಗ ನನಗೆ ನೆನಪಾಗಿದ್ದು ದೊಡ್ಡಪ್ಪನ ಆ ಮಾತೇ.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿದ್ದು ಹೇಳ್ತೀನಿ.

2012. ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೀಸಿಗೆ ದುಡ್ಡು ಹೊಂದಿಸಿದ್ದು ದೊಡ್ಡಪ್ಪ, ಎರಡು ಬೆಳೆ ರೇಷ್ಮೆಗೂಡಿನ ದುಡ್ಡು. ಹಾಸ್ಟೆಲಿಗೆ ಬಿಡೋಕೆ ಬಂದವರೂ ಅವರೇ, ಅಪ್ಪನಿಗೆ ಜ್ವರ ಇತ್ತು. ಟ್ರಂಕು ಹೊತ್ತುಕೊಂಡು ಎರಡನೇ ಮಹಡಿ ಹತ್ತಿದರು. ರೂಮಿನಲ್ಲಿ ಆಗಲೇ ಇಬ್ಬರು ಹುಡುಗರು ಬಂದಿದ್ದರು. ದೊಡ್ಡಪ್ಪ ನೀರು ಕುಡಿಯೋಕೆ ಕಾರಿಡಾರಿಗೆ ಹೋದಾಗ ಒಬ್ಬ ಪಿಸುಗುಟ್ಟಿದ: "ಯಾರೋ ಅವರು?"

"ನಮ್ಮೂರೋರು. ಲಗೇಜ್ ಹೊತ್ಕೊಂಡು ಬಂದ್ರು" ಅಂದೆ.

ಬಾಗಿಲು ತೆರೆದೇ ಇತ್ತು. ಅವರಿಗೆ ಕೇಳಿಸಿತೋ ಇಲ್ಲವೋ ಅಂತ ನನಗೆ ಗೊತ್ತಾಗಲಿಲ್ಲ. ಒಳಗೆ ಬಂದು, "ಸರಿ ಮಗಾ, ಬಸ್ಸಿಗೆ ಒತ್ತಾಯ್ತು" ಅಂತ ಇನ್ನೂರು ರೂಪಾಯಿ ಕೈಗಿಟ್ಟು ಹೋದರು. ನಾಲ್ಕು ವರ್ಷದಲ್ಲಿ ಮತ್ತೆ ಹಾಸ್ಟೆಲ್ ಕಡೆ ಬರಲಿಲ್ಲ.

*

ಅಮೆರಿಕದ ಫೋಟೊ ನೋಡಿದ ಆ ಸಂಜೆ ಊರಿಗೆ ಫೋನ್ ಮಾಡಿದೆ. "ದೊಡ್ಡಪ್ಪ, ಈ ಸಲ ಮಾದಪ್ಪನ ಬೆಟ್ಟಕ್ಕೆ ನಾನೂ ಬರ್ತೀನಿ."

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಶಿವರಾತ್ರಿಗೆ ರಾಮನಗರ, ಕನಕಪುರ, ಬೆಂಗಳೂರು ಕಡೆಯಿಂದ ಸಾವಿರಾರು ಜನ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗ್ತಾರೆ. ಕನಕಪುರದಿಂದ ಸಂಗಮ, ಅಲ್ಲಿ ಕಾವೇರಿ ದಾಟಿ ಕಾಡು, ಕಾಡು ಮುಗಿದ ಮೇಲೆ ಹನೂರು, ಕೌದಳ್ಳಿ, ತಾಳಬೆಟ್ಟ, ಆಮೇಲೆ ಬೆಟ್ಟ. ನಮ್ಮೂರಿಂದ ಲೆಕ್ಕ ಹಾಕಿದರೆ ಸುಮಾರು 120 ಕಿ.ಮೀ. ನಡುವೆ ಸಿಗೋದು ಕಾವೇರಿ ವನ್ಯಜೀವಿಧಾಮ. 1987ರಲ್ಲಿ ಘೋಷಣೆಯಾಗಿದ್ದು, ಈಗ ಸಾವಿರ ಚದರ ಕಿ.ಮೀ.ಗೂ ಹೆಚ್ಚಿದೆ. ಅದಕ್ಕೆ ಅಂಟಿಕೊಂಡೇ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ. ಆನೆ, ಚಿರತೆ, ಕರಡಿ ಎಲ್ಲ ಇರೋ ಕಾಡು. ಬ್ಯಾಕ್‌ಪ್ಯಾಕಿಂಗ್ ಅನ್ನೋ ಪದ ನಮ್ಮ ಕಡೆ ಬರೋಕೆ ಎಷ್ಟೋ ಮುಂಚಿನಿಂದ ನಮ್ಮ ಜನ ಬುತ್ತಿ ಕಟ್ಟಿಕೊಂಡು ಈ ದಾರಿಯಲ್ಲಿ ನಡೀತಿದ್ದಾರೆ.

ದೊಡ್ಡಪ್ಪ ಕರಡಿ ಗಾಯ ವಾಸಿಯಾದ ಮಾರನೇ ವರ್ಷ ಶುರು ಮಾಡಿದ್ದು. ಹರಕೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಏನೂ ಹೇಳ್ತಿರಲಿಲ್ಲ.

2024ರ ಮಾರ್ಚ್ 4, ಸೋಮವಾರ ಮಧ್ಯಾಹ್ನ ಊರು ತಲುಪಿದೆ. ಶುಕ್ರವಾರ ಶಿವರಾತ್ರಿ. ನನ್ನ ಬೆನ್ನ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಹೊಸ ಬ್ಯಾಗು, 14 ಕೆ.ಜಿ. ದೊಡ್ಡಪ್ಪ ಜಗಲಿ ಮೇಲೆ ಅದನ್ನು ಸುರಿಸಿದರು. ಟೆಂಟು, ಗ್ಯಾಸ್ ಸ್ಟೌ, ನಾಲ್ಕು ಟೀ ಶರ್ಟು, ಎರಡು ಪವರ್ ಬ್ಯಾಂಕು, ಪ್ರೋಟೀನ್ ಬಾರು.

"ಮದ್ವೆ ಗಂಡಿನ್ ಸಾಮಾನು ಕಣ್ಲಾ ಇದು" ಅಂದರು.

ಕೊನೆಗೆ ಉಳಿದಿದ್ದು ಒಂದು ಜೊತೆ ಬಟ್ಟೆ, ಹೊದೆಯೋಕೆ ದುಪ್ಪಟಿ, ಟಾರ್ಚು, ನೀರಿನ ಬಾಟಲಿ, ಕಡಲೆ ಬೆಲ್ಲ, ಸೂಜಿ ದಾರ. ಸೂಜಿ ದಾರ ಯಾಕೆ ಅಂತ ಮಾರನೇ ದಿನ ಗೊತ್ತಾಯಿತು. ಪಾದದ ಬೊಬ್ಬೆಗೆ ಸೂಜಿ ಹಾಯಿಸಿ ದಾರದ ತುಣುಕು ಅದರೊಳಗೇ ಬಿಟ್ಟರೆ ನೀರು ತಾನಾಗೇ ಸೋರಿಹೋಗುತ್ತೆ, ಅದು ಅವರ ವೈದ್ಯ. ಅವರ ಕೈಯಲ್ಲಿ ಚೀಲಕ್ಕಿಂತ ಹೆಚ್ಚಾಗಿ ಕಂಡಿದ್ದು ಒಂದು ಬಿದಿರು ಕೋಲು. ಅದರ ತುದಿಗೆ ಎತ್ತಿನ ಕೊರಳಿನ ಗೆಜ್ಜೆ ಕಟ್ಟಿತ್ತು. ಹೆಜ್ಜೆ ಇಟ್ಟಂತೆಲ್ಲ ಘಲ್ ಅಂತಿತ್ತು. ಮೊದಲ ಹತ್ತು ಕಿ.ಮೀ.ಯಲ್ಲೇ ಆ ಸದ್ದು ನನ್ನ ತಲೆ ಚಿಟ್ಟು ಹಿಡಿಸಿ, ಕಿವಿಗೆ ಇಯರ್‌ಬಡ್ ತುರುಕಿಕೊಂಡೆ.

*

ನಮ್ಮ ಗುಂಪಲ್ಲಿ ಹತ್ತೊಂಬತ್ತು ಜನ. ಮಾಗಡಿ ಕಡೆಯ ಪಿಯುಸಿ ಓದೋ ಹುಡುಗನೊಬ್ಬ, ಮೊದಲ ಸಲ ಬಂದವನು. ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಾಕೋ ಒಬ್ಬ ಅಕ್ಕ, ಅವರದು ಒಂಬತ್ತನೇ ವರ್ಷ. ಬಿಸಿಲಿಗೆ ಹೆದರಿ ರಾತ್ರಿ ನಡೆಯೋದು, ಹಗಲು ಮರದಡಿ ಮಲಗೋದು. ಕನಕಪುರ ದಾಟಿ ದೊಡ್ಡಆಲಹಳ್ಳಿ ಕಡೆ ಹೋಗೋವಾಗ ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಉಪ್ಪಿಟ್ಟು ಕೊಡೋರು. "ಬನ್ನಿ ಅಣ್ಣ, ಕಾಲಿಗೆ ಎಣ್ಣೆ ಹಚ್ತೀವಿ" ಅಂತ ಕೂರಿಸಿಕೊಳ್ಳೋರು. ಅಮೆರಿಕದಲ್ಲಿ ಉದ್ದದ ದಾರಿ ನಡೆಯೋರಿಗೆ ಹೀಗೆ ಅಪರಿಚಿತರು ಉಪಚಾರ ಮಾಡೋದನ್ನ 'ದಾರಿಯ ಮಾಯೆ' ಅನ್ನೋ ಅರ್ಥದಲ್ಲಿ ಕರೀತಾರಂತೆ. ನಮ್ಮಲ್ಲಿ ಅದಕ್ಕೆ ಅನ್ನದಾನ ಅಂತಾರೆ, ಅಷ್ಟೇ.

ಬುಧವಾರ ಬೆಳಿಗ್ಗೆ ಸಂಗಮ. ಮಾಗಡಿ ಸೀಮೆಯನ್ನು ತಾಕಿ, ರಾಮನಗರ ಊರೊಳಗೇ ಹಾದು, ಕನಕಪುರದ ಪಕ್ಕದಲ್ಲಿ ಹರಿದು ಬರೋ ಅರ್ಕಾವತಿ ಇಲ್ಲಿ ಕಾವೇರಿ ಸೇರುತ್ತಾಳೆ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಬೆಂಗಳೂರಲ್ಲಿ ಆ ತಿಂಗಳು ಟ್ಯಾಂಕರ್ ನೀರಿಗೆ ಜನ ಕಾದು ಕೂತಿದ್ದರು, ನಮ್ಮ ಅಪಾರ್ಟ್‌ಮೆಂಟಲ್ಲಿ ನಲ್ಲಿಗೆ ಸಮಯ ಗೊತ್ತು ಮಾಡಿದ್ದರು. ನಮಗೆ ಕುಡಿಯೋಕೆ ಬರೋದು ಇದೇ ಹೊಳೆ ನೀರು ಅಂತ ಗೊತ್ತಿದ್ದರೂ, ಅದನ್ನು ಇಷ್ಟು ಬಡವಾಗಿ ನಾನು ನೋಡಿರಲಿಲ್ಲ. ಬಂಡೆಗಳೆಲ್ಲ ಮೈ ಬಿಟ್ಟುಕೊಂಡು ಕೂತಿದ್ದವು. ಒಬ್ಬರ ಕೈ ಒಬ್ಬರು ಹಿಡ್ಕೊಂಡು, ತೊಡೆಮಟ್ಟದ ನೀರಲ್ಲಿ, "ಉಘೇ ಮಾದಪ್ಪ" ಅಂತ ಕೂಗ್ತಾ ದಾಟಿದೆವು.

"ನೀರು ಕಮ್ಮಿ ಐತೆ ಅಂದ್ರೆ ಪ್ರಾಣಿಗಳೆಲ್ಲ ಒಳೆ ಪಕ್ಕದಲ್ಲೇ ಇರ್ತವೆ. ಈ ವರ್ಸ ಉಸಾರು" ಅಂತ ದೊಡ್ಡಪ್ಪ ಎಲ್ಲರಿಗೂ ಹೇಳಿದರು.

ಕಾಡಿನೊಳಗೆ ಬೇಕಾದಾಗ ಬೇಕಾದವರು ನುಗ್ಗಿ ನಡೆಯೋ ಹಾಗಿಲ್ಲ. ಯಾತ್ರೆ ದಿನಗಳಲ್ಲಿ ಮಾತ್ರ, ಅದೂ ಎಲ್ಲರೂ ನಡೆಯೋ ದಾರಿಯಲ್ಲಿ. ಆ ಸಂಜೆ ಆಚೆ ದಡದ ಬಯಲಲ್ಲಿ ನೂರಾರು ಜನರ ನಡುವೆ ನಾವೂ ದುಪ್ಪಟಿ ಹಾಸಿದೆವು. ಮಲಗೋ ಮುಂಚೆ ದೊಡ್ಡಪ್ಪ ಮಾಗಡಿ ಹುಡುಗನನ್ನೂ ನನ್ನನ್ನೂ ಕರಕೊಂಡು ದಾರಿ ಪಕ್ಕದಲ್ಲೇ ಒಂದಿಷ್ಟು ದೂರ ನಡೆಸಿದರು. ಪಾಠ ಶುರುವಾಯಿತು.

ಒಂದು ಹುತ್ತ ಅರ್ಧಕ್ಕೆ ಅಗೆದು ಬಿಟ್ಟಿತ್ತು. ಮಣ್ಣು ಹಸಿಯಾಗಿತ್ತು. "ಇದು ನೆನ್ನೆ ರಾತ್ರೀದು." ಒಂದು ಮರದ ತೊಗಟೆ ಮೇಲೆ ಉದ್ದುದ್ದ ಗೀರು. "ಜೇನಿಗೆ ಅತ್ತೈತೆ." ದಾರಿಯಲ್ಲಿ ಬೀಜ ತುಂಬಿದ ಲದ್ದಿ. "ಎಲಚಿ ಅಣ್ಣು ತಿಂದೈತೆ."

ನಮ್ಮ ಕರಡಿಗೆ ನಮ್ಮ ತಿಂಡಿ ಚೀಲ ಅಷ್ಟು ಮುಖ್ಯವಲ್ಲ. ಅದರ ಮುಖ್ಯ ಊಟ ಗೆದ್ದಲು, ಇರುವೆ, ಜೇನು, ಕಾಡುಹಣ್ಣು. ಗೆದ್ದಲು ಹೀರೋಕೆ ಅನುಕೂಲವಾಗಲಿ ಅಂತ ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳೇ ಇರೋದಿಲ್ಲ. ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತೆ. ತುಟಿ ಮುಂದೆ ಚಾಚಿ ಊದುತ್ತೆ, ಹೀರುತ್ತೆ. ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳಿಸುತ್ತೆ. ಅಪಾಯ ಇರೋದೂ ಅಲ್ಲೇ. ಹುತ್ತದೊಳಗೆ ಮೂತಿ ಇಟ್ಟು ಇಷ್ಟು ಸದ್ದು ಮಾಡ್ತಿರೋ ಪ್ರಾಣಿಗೆ ಮನುಷ್ಯ ಹತ್ತಿರ ಬಂದದ್ದು ತಿಳಿಯೋದೇ ಇಲ್ಲ. ತಿಳಿಯೋ ಹೊತ್ತಿಗೆ ಮೈಮೇಲೇ ಬಂದಿರ್ತೀವಿ. ಹುಲಿ, ಚಿರತೆಗಳ ಜೊತೆ ಬದುಕಿ ಬಂದ ಪ್ರಾಣಿ ಅದು. ಓಡಿ ತಪ್ಪಿಸಿಕೊಳ್ಳೋದಕ್ಕಿಂತ ಎದ್ದು ನಿಂತು ಎದುರಿಸೋದೇ ಅದರ ಸ್ವಭಾವ. ಎರಡು ಕಾಲ ಮೇಲೆ ನಿಂತರೆ ಅದರ ಕೈಗೆ ಎಟುಕೋದು ನಮ್ಮ ಮುಖವೇ.

ಇದರಲ್ಲಿ ಒಂದಿಷ್ಟನ್ನು ನಾನು ಪುಸ್ತಕದಲ್ಲಿ, ಇಂಟರ್ನೆಟ್‌ನಲ್ಲಿ ಓದಿದ್ದೆ. ದೊಡ್ಡಪ್ಪ ಅದನ್ನೇ ಎರಡು ವಾಕ್ಯದಲ್ಲಿ ಹೇಳಿದರು: "ಅದುಕ್ಕೆ ಕೋಪ ಇಲ್ಲ ಕಣ್ಲಾ, ಗಾಬ್ರಿ. ನಾವು ಬತ್ತಾ ಇದೀವಿ ಅಂತ ಮುಂಚೇನೇ ಏಳ್ಬುಟ್ರೆ ಅದೇ ದಾರಿ ಬುಡ್ತದೆ."

ಗೆಜ್ಜೆ ಇದ್ದದ್ದು ಅದಕ್ಕೆ. ಉಘೇ ಅನ್ನೋ ಕೂಗು, ಜಾಗಟೆ, ಹರಟೆ ಎಲ್ಲ ದೇವರಿಗೆ ಅಂತ ಅಂದುಕೊಂಡಿದ್ದೆ. ಕಾಡಿಗೂ ಅದು 'ನಾವು ಬಂದಿದೀವಿ' ಅಂತ ಹೇಳೋ ಮಾತೇ.

*

ಗುರುವಾರ ಬೆಳಗಿನ ಜಾವ ಐದೂವರೆ. ಇನ್ನೂ ಮಬ್ಬುಗತ್ತಲು. ಎದ್ದವನಿಗೆ ಹೊಟ್ಟೆ ಹಗುರ ಮಾಡ್ಕೋಬೇಕಿತ್ತು. ಗುಂಪಿನ ಗಂಡಸರೆಲ್ಲ ಹತ್ತಿರದಲ್ಲೇ ಪೊದೆ ಮರೆಗೆ ಹೋಗಿ ಬರ್ತಿದ್ದರು. ನನಗೆ ಪಟ್ಟಣದ ನಾಚಿಕೆ. ಒಣಗಿದ ಹಳ್ಳವೊಂದು ಕಂಡಿತು. ಅದರ ಗುಂಟ ಒಂದು ಇನ್ನೂರು ಹೆಜ್ಜೆ ಒಳಗೆ ಹೋದೆ. ಅಭ್ಯಾಸಬಲ, ಕಿವಿಯಲ್ಲಿ ಇಯರ್‌ಬಡ್. ಯಾವುದೋ ಪಾಡ್‌ಕಾಸ್ಟ್ ಓಡ್ತಿತ್ತು.

ಕೆಲಸ ಮುಗಿಸಿ ಎದ್ದು, ಬಂದ ದಾರಿ ಬಿಟ್ಟು ಹಳ್ಳದ ದಂಡೆ ಹತ್ತಿದೆ. ಹತ್ತಿರದ ದಾರಿ ಅಂತ ಅಂದಾಜು. ಎದುರಿಗೆ ಒಂದು ಹುತ್ತ. ಅದರ ಪಕ್ಕ ಕಪ್ಪು ಬಂಡೆ. ಬಂಡೆಗೆ ಕೂದಲಿತ್ತು.

ಇಪ್ಪತ್ತು ಹೆಜ್ಜೆ ಇರಬಹುದು. ಬೆನ್ನು ನನ್ನ ಕಡೆಗಿತ್ತು, ತಲೆ ಹುತ್ತದೊಳಗೆ. ನೂರು ಮೀಟರ್‌ಗೆ ಕೇಳಿಸೋ ಸದ್ದು ನನಗೆ ಕೇಳಿಸಿರಲಿಲ್ಲ. ಕಿವಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಷೇರು ಮಾರುಕಟ್ಟೆ ಬಗ್ಗೆ ಮಾತಾಡ್ತಿದ್ದರು.

ಓಡಬಾರದು ಅಂತ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಓಡದೆ ಇದ್ದೆ ಅಂತ ಹೇಳೋಕಾಗಲ್ಲ, ಕಾಲೇ ಬರಲಿಲ್ಲ. ಮೆಲ್ಲಗೆ ಕೈಯೆತ್ತಿ ಒಂದು ಬಡ್ ತೆಗೆದೆ. ಆಗ ಎರಡು ಸದ್ದು ಕೇಳಿಸಿತು. ಮುಂದುಗಡೆ, ಸಣ್ಣ ಮೋಟಾರಿನ ಥರ ಊದೋ ಹೀರೋ ಸದ್ದು. ಹಿಂದುಗಡೆ, ದೂರದಲ್ಲಿ, ಘಲ್... ಘಲ್... ಘಲ್...

"ಏನ್ಲಾ ಮಗಾ, ಎಲ್ಲಿದ್ದೀಯ?" ದೊಡ್ಡಪ್ಪನ ದನಿ. ಕೂಗಲ್ಲ ಅದು. ತೋಟದಲ್ಲಿ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಮಾತಾಡೋ ದನಿ. "ನಾನ್ ಬತ್ತಾ ಇದೀನಿ. ಇಲ್ಲೇ ಇದೀನಿ. ಅಲ್ಲೇ ನಿಂತಿರು."

ಹೀರೋ ಸದ್ದು ನಿಂತಿತು. ಮಣ್ಣು ಮೆತ್ತಿದ ಮೂತಿ ಹೊರಗೆ ಬಂತು. ತಲೆ ಆ ಕಡೆ ಈ ಕಡೆ ಆಡಿಸಿ ಗಾಳಿ ಮೂಸಿತು. ಆಮೇಲೆ ಎದ್ದು ನಿಂತಿತು. ಎದೆ ಮೇಲಿನ ಬಿಳಿ ಪಟ್ಟೆ ಆ ಮಬ್ಬಿನಲ್ಲೂ ಕಂಡಿತು. ಉಗುರುಗಳು ಕಂಡವು. 'ಇದೇ' ಅಂತ ಒಂದೇ ಪದ ನನ್ನ ತಲೆಯಲ್ಲಿತ್ತು. ಮನೆಯಲ್ಲಿ ದಿನಾ ನೋಡಿ ಬೆಳೆದ ಆ ಮುಖವನ್ನು ಬರೆದದ್ದು ಇದೇ ಉಗುರು.

ದೊಡ್ಡಪ್ಪ ನನ್ನ ಪಕ್ಕ ಬಂದು ನಿಂತಿದ್ದು ಯಾವಾಗ ಅಂತ ಗೊತ್ತಾಗಲಿಲ್ಲ. ಮಾತು ನಿಲ್ಲಿಸಲೇ ಇಲ್ಲ. ಈಗ ಮಾತಾಡ್ತಿದ್ದದ್ದು ನನ್ನ ಹತ್ತಿರ ಅಲ್ಲ. "ನಾವು ಓಯ್ತಾ ಇದೀವಿ ಕಣಪ್ಪ. ಮಾದಪ್ಪನ ಬೆಟ್ಟಕ್ಕೆ ಓಗೋರು. ನೀನು ನಿನ್ ಕೆಲ್ಸ ನೋಡ್ಕೋ. ಉಡ್ಗ, ಗೊತ್ತಾಗ್ದೆ ಬಂದವ್ನೆ." ಹಾಗೆ ಹೇಳ್ತಾ ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ. ಬೆನ್ನು ತಿರುಗಿಸಲಿಲ್ಲ. ಐದು ಹೆಜ್ಜೆ. ಹತ್ತು ಹೆಜ್ಜೆ. ಕರಡಿ ಒಮ್ಮೆ ಹುಫ್ ಅಂತ ಉಸಿರು ಬಿಟ್ಟು, ನಾಲ್ಕು ಕಾಲಿಗೆ ಇಳಿದು, ಲಾಂಟಾನ ಪೊದೆಯೊಳಗೆ ನುಗ್ಗಿಹೋಯಿತು. ಸ್ವಲ್ಪ ಹೊತ್ತು ಕಡ್ಡಿ ಮುರಿಯೋ ಸದ್ದು. ಆಮೇಲೆ ಅದೂ ಇಲ್ಲ.

ಕಾಡು ನಿಶ್ಶಬ್ದವಾದ ಮೇಲೂ ಗೆಜ್ಜೆ ಸದ್ದು ಮಾತ್ರ ನಿಲ್ಲಲಿಲ್ಲ. ನಾವಿಬ್ಬರೂ ನಿಂತೇ ಇದ್ದೆವು, ಕೋಲು ನೆಲಕ್ಕೆ ಊರಿತ್ತು, ಆದರೂ ಘಲ್ ಘಲ್ ಘಲ್ ಅಂತಾನೇ ಇತ್ತು. ನೋಡಿದರೆ ದೊಡ್ಡಪ್ಪನ ಕೈ ನಡುಗ್ತಿತ್ತು. ಮೈಯೆಲ್ಲ ನಡುಗ್ತಿತ್ತು. ಒಂದೇ ಕಣ್ಣಲ್ಲಿ ನೀರು ಸುರೀತಿತ್ತು.

ಇಪ್ಪತ್ತಾರು ವರ್ಷ ಆಗಿತ್ತು. ಅವರಿಗೆ ಭಯ ಹೋಗಿದೆ, ಅದಕ್ಕೇ ಪ್ರತಿವರ್ಷ ಈ ಕಾಡಿಗೆ ಬರ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಭಯ ಎಲ್ಲೂ ಹೋಗಿರಲಿಲ್ಲ. ನಾನು ಯಾವ ದಿಕ್ಕಿಗೆ ಹೋದೆ ಅಂತ ನೋಡಿ, ಆ ಭಯ ಇಟ್ಟುಕೊಂಡೇ ಹಿಂದೆ ಬಂದಿದ್ದರು.

"ನೀರು ಕುಡೀರಿ ದೊಡ್ಡಪ್ಪ" ಅಂದೆ. ಬಾಟಲಿ ಮುಚ್ಚಳ ತೆಗೆಯೋಕೆ ನನ್ನ ಕೈಗೂ ಆಗಲಿಲ್ಲ. ಇಬ್ಬರೂ ಸೇರಿ ತೆಗೆದೆವು.

*

ದಾರಿಗೆ ಬಂದಾಗ ಗುಂಪು ಹೊರಡೋಕೆ ಸಿದ್ಧವಾಗಿತ್ತು. ವಿಷಯ ತಿಳಿದ ಚನ್ನಪಟ್ಟಣದ ಅಕ್ಕ ನನಗೆ ಬೈದರು, ಆಮೇಲೆ ಕಡಲೆಪುರಿ ಕೊಟ್ಟರು. "ಸ್ವಾಮಿ ಕಾದ" ಅಂದರು ಉಳಿದವರು. ಮಾಗಡಿ ಹುಡುಗ ಮಾತ್ರ ನನ್ನ ಪಕ್ಕದಲ್ಲೇ ನಡೀತಾ ಬಂದ. ಸ್ವಲ್ಪ ದೂರ ಹೋದ ಮೇಲೆ ಸಂಕೋಚದಿಂದ ಕೇಳಿದ: "ಅಣ್ಣ, ಅವರು ನಿಮಗೇನಾಗ್ಬೇಕು?"

ದೊಡ್ಡಪ್ಪ ನಮ್ಮ ಮುಂದೆಯೇ ಹತ್ತು ಹೆಜ್ಜೆ ದೂರದಲ್ಲಿದ್ದರು.

"ನಮ್ಮ ದೊಡ್ಡಪ್ಪ" ಅಂದೆ. ದನಿ ಯಾಕೋ ಜೋರಾಗೇ ಬಂತು. "ಸ್ವಂತ ದೊಡ್ಡಪ್ಪ. ನನ್ನ ಓದಿಸಿದವರು."

ಗೆಜ್ಜೆ ಸದ್ದು ಒಂದು ಕ್ಷಣ ನಿಂತಿತು. ದೊಡ್ಡಪ್ಪ ತಿರುಗಲಿಲ್ಲ. ಮುಂದೆ ನೋಡ್ತಾನೇ ಅಂದರು: "ಅನ್ನೆಲ್ಡು ವರ್ಸ ಆಯ್ತಲ್ಲೋ ಮಗಾ, ಇದ್ ಏಳಾಕೆ."

ಕೇಳಿಸಿತ್ತು. ಅವತ್ತೇ ಕೇಳಿಸಿತ್ತು.

ನಾನು ಏನಾದರೂ ಹೇಳೋ ಮುಂಚೆ ಅವರೇ, "ನಡೀರ್ಲಾ, ಬಿಸ್ಲು ಏರ್ತದೆ" ಅಂದು ಹೆಜ್ಜೆ ಹಾಕಿದರು. ಕ್ಷಮೆ ಕೇಳೋ ಮಾತುಗಳನ್ನು ನಾನು ಹನೂರಿನ ತನಕ ಜೋಡಿಸ್ತಾ ಹೋದೆ. ಹನೂರಲ್ಲಿ ಹೇಳಲಿಲ್ಲ. ಕೌದಳ್ಳಿಯಲ್ಲೂ ಹೇಳಲಿಲ್ಲ. ಶುಕ್ರವಾರ ಸಂಜೆ ತಾಳಬೆಟ್ಟದಲ್ಲಿ ಮೆಟ್ಟಿಲ ಬುಡದಲ್ಲಿ ಕೂತಾಗ ಅವರ ಪಾದ ನನ್ನ ತೊಡೆ ಮೇಲಿಟ್ಟುಕೊಂಡು ಬೊಬ್ಬೆಗೆ ಸೂಜಿ ದಾರ ಹಾಯಿಸಿದೆ. "ನೋವಾಯ್ತಾ?" ಅಂದೆ. "ಇಲ್ಲ ಬುಡು" ಅಂದರು. ನಾವಿಬ್ಬರೂ ಬೊಬ್ಬೆ ಬಗ್ಗೆ ಮಾತ್ರ ಮಾತಾಡಿದೆವು ಅಂತ ಈಗಲೂ ನನಗೆ ಅನ್ನಿಸಲ್ಲ.

ಆ ರಾತ್ರಿ ಬೆಟ್ಟದ ಮೇಲೆ ಜಾಗರಣೆ. ಹುಲಿ ಏರಿ ಬಂದ ದೇವರ ಮುಂದೆ ದೊಡ್ಡಪ್ಪ ಕೈ ಮುಗಿದು ನಿಂತಿದ್ದರು. "ಏನು ಹರಕೆ ದೊಡ್ಡಪ್ಪ, ಇಷ್ಟು ವರ್ಷದಿಂದ?" ಅಂತ ಕೇಳಿಯೇ ಬಿಟ್ಟೆ.

"ಅರ್ಕೆ ಏನಿಲ್ಲ. ಅವತ್ತಿಂದ ತೋಟುಕ್ಕೇ ಓಗೋಕಾಯ್ತಿರ್ಲಿಲ್ಲ ನಂಗೆ. ಕತ್ಲಾದ್ರೆ ಉಚ್ಚೆ ಉಯ್ಯಾಕೂ ನಿಮ್ ದೊಡ್ಡವ್ವ ಜೊತೇಲಿ ಬರ್ಬೇಕಾಗಿತ್ತು. ವರ್ಸುಕ್ಕೊಂದ್ಸಲ ಅದ್ರ ಮನೆ ಒಳಿಕ್ಕೇ ಓಗಿ ಬಂದ್ರೆ, ಮಿಕ್ಕಿದ್ ದಿನ ನಮ್ ತೋಟುಕ್ಕೆ ಓಗ್ಬೋದು" ಅಂದರು.

*

ಈ ದಾರಿ ನಡೆಯಬೇಕು ಅಂತ ಇರೋ ನನ್ನ ವಯಸ್ಸಿನವರಿಗೆ ಒಂದೆರಡು ಮಾತು. ಒಬ್ಬರೇ ಹೋಗಬೇಡಿ. ಕಾಡಿನ ಭಾಗವನ್ನು ಬೆಳಕಿದ್ದಾಗ, ಗುಂಪಲ್ಲಿ ದಾಟಿ. ದಾರಿ ಬಿಟ್ಟು ಅಡ್ಡದಾರಿ ಹಿಡಿಯಬೇಡಿ, ನಾಚಿಕೆ ಆದರೂ ಸರಿ. ಕಿವಿ ಖಾಲಿ ಇರಲಿ, ಬಾಯಿ ಮಾತಾಡ್ತಿರಲಿ. ಕರಡಿ ಕಂಡರೆ ಓಡಬೇಡಿ, ಫೋಟೊಗೆ ನಿಲ್ಲಬೇಡಿ. ಮಾತಾಡ್ತಾ, ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ. ನೀರಿನ ಬಾಟಲಿ, ತಿಂಡಿ ಕವರ್ ಕಾಡಲ್ಲಿ ಎಸೆಯಬೇಡಿ. ಆ ದಾರಿಯುದ್ದಕ್ಕೂ ನಾವು ಬಿಟ್ಟುಹೋದ ಪ್ಲಾಸ್ಟಿಕ್ ನೋಡಿದರೆ ಯಾರು ಯಾರಿಗೆ ಹೆಚ್ಚು ಅಪಾಯ ಅನ್ನೋದು ತಿಳಿಯುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಂತೆ ಕರಡಿಗೂ ಮೊದಲ ಪಟ್ಟಿಯಲ್ಲಿ ಜಾಗ ಕೊಟ್ಟಿದ್ದಾರೆ. ಆದರೂ ನಮ್ಮ ಬಂಡೆಗಳು ಕ್ವಾರಿಯಾಗಿ, ಗುಡ್ಡದ ಬುಡದ ತನಕ ಲೇಔಟು ಬಂದು, ಅದಕ್ಕೆ ಇರೋ ಜಾಗ ಕಮ್ಮಿಯಾಗ್ತಾನೇ ಇದೆ. ದೊಡ್ಡಪ್ಪನ ಹುತ್ತದ ಹತ್ತಿರ ಆದಂಥ ಮುಖಾಮುಖಿಗಳು ಹೆಚ್ಚಾಗೋದು ಹೀಗೇ.

ಮುಂದಿನ ವರ್ಷ ದೊಡ್ಡಪ್ಪನಿಗೆ ಮಂಡಿನೋವು. ನಡೆಯೋಕೆ ಆಗಲಿಲ್ಲ. ಬಸ್ಸಿನಲ್ಲಿ ಸಂಗಮದ ತನಕ ಬಂದು ನಮ್ಮನ್ನು ಕಳಿಸಿಕೊಟ್ಟರು. ಹೊಳೆಗೆ ಇಳಿಯೋ ಮುಂಚೆ ಕೋಲು ನನ್ನ ಕೈಗೆ ಕೊಟ್ಟು, ಗೆಜ್ಜೆ ದಾರ ಬಿಗಿಯಾಗಿದೆಯಾ ಅಂತ ಎಳೆದು ನೋಡಿದರು. ಮಾಗಡಿ ಹುಡುಗ ಈ ಸಲ ಇಬ್ಬರು ಸ್ನೇಹಿತರನ್ನೂ ಕರಕೊಂಡು ಬಂದಿದ್ದ. ಅದರಲ್ಲಿ ಒಬ್ಬನ ಕಿವಿಯಲ್ಲಿ ಇಯರ್‌ಬಡ್ ಇತ್ತು. ತೆಗೆಸಿದೆ.

ಕಾಡು ಶುರುವಾದ ಕಡೆ ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿದೆ. ಆಮೇಲೆ, ಹುಡುಗರು ನಕ್ಕರೂ ಪರವಾಗಿಲ್ಲ ಅಂತ, ಜೋರಾಗಿ ಹೇಳಿದೆ: "ನಾವು ಬರ್ತಾ ಇದೀವಿ ಕಣಪ್ಪ. ಮಾದಪ್ಪನ ಬೆಟ್ಟಕ್ಕೆ ಹೋಗೋರು."